ಮೂರನೇ ರಾಶಿ

ಜೆಪ್ಪುವಿನ ಹಂಚಿನ ಕಾರ್ಖಾನೆ ಸೇರಿದಾಗ ನನಗೆ
ಹದಿನಾರು ತುಂಬಿ ಒಂದು ತಿಂಗಳು.
ಸೆರಾಫಿನ್ ಬಾಯಿಯ ಎದುರು ಕೂರಿಸಿದರು.
ಆಕೆ ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದಳು.
ಆವಿಗೆಯ ಬಿಸಿ ಆರದ ಹಂಚೊಂದನ್ನು ಎತ್ತಿ
ಗೆಣ್ಣಿನಿಂದ ಕುಟ್ಟಿ ನನ್ನ ಕಿವಿಗೆ ಹಿಡಿದಳು.
"ಕೇಳಿತಾ?"
ಕೇಳಿತು. ಹೊಳೆಯಾಚೆಯ ಇಗರ್ಜಿಯ ಗಂಟೆ.
ಇನ್ನೊಂದು ಕುಟ್ಟಿ, "ಇದು?"
ಇದು ಶೀತವಾದವನ ಮಾತು.
"ಅದು ಬಲಕ್ಕೆ, ಇದು ಎಡಕ್ಕೆ.
ಇಷ್ಟೇ ಕೆಲಸ ಮಾರಾಯ್ತಿ, ಸಾಯುವವರೆಗೆ ಸಾಕು."

ಇಷ್ಟೇ ಆಗಿರಲಿಲ್ಲ. ಬಾಯಿ ದಿನವಿಡೀ ಕಲಿಸಿದಳು.
ಬಂಗುಡೆಗೆ ಹುಣಿಸೆ ಬೇಡ, ಬಿಂಬುಳಿ ಹಾಕು.
ರೈಟರನ ಲೆಕ್ಕ ನಂಬಬೇಡ.
ಬೋಳಾರದ ಹುಡುಗರ ಹತ್ತಿರ ಮಾತು ಬೇಡ.
ಹೊರಗಾದವಳು ಮುಟ್ಟಿದರೆ ಹಸಿ ಹಂಚು ಸೀಳುತ್ತದೆ.
ನಡುನಡುವೆ ಒಂದು ಚಿಟಿಕೆ ನಶ್ಯ;
ಸೀನಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು,
"ಇದೊಂದು ಬಿಟ್ಟು ಉಳಿದದ್ದೆಲ್ಲ ಕಲಿ."

ನಾನು ಬಾಯಿಯ ಮಾತನ್ನೂ ಕುಟ್ಟಿ ನೋಡತೊಡಗಿದೆ.
ಬಿಂಬುಳಿ ಬಲಕ್ಕೆ.
ರೈಟರನ ಲೆಕ್ಕವೂ ಬಲಕ್ಕೆ, ಎರಡು ವಾರದ ಕೂಲಿ ಕಳಕೊಂಡ ಮೇಲೆ.
ಹೊರಗಾದ ದಿನ ಬೇಕೆಂದೇ ನೂರು ಹಸಿ ಹಂಚು ಎತ್ತಿಟ್ಟೆ,
ಒಂದೂ ಸೀಳಲಿಲ್ಲ.
ಬೋಳಾರದವನೊಬ್ಬನನ್ನು ಮದುವೆಯಾದೆ.

ಜೂನಿನ ಒಂದು ಬೆಳಿಗ್ಗೆ
ಹಂಚಿನ ಕಾರ್ಖಾನೆಯ ಮಾಡೇ ಸೋರಿ
ರಾಶಿಗೆ ರಾಶಿಯೇ ಗಂಟಲು ಕಟ್ಟಿ ಕೂತಿತ್ತು.
ನಾನು ಎಡಕ್ಕೆ ಎಸೆಯುತ್ತ ಹೋದೆ. ಬಾಯಿ ಕೈ ಹಿಡಿದಳು.
"ಒಡಕಲ್ಲ ಜಲಜಾ, ಒದ್ದೆ.
ಒದ್ದೆಯಾದದ್ದೂ ಹಾಗೇ ಮಾತಾಡ್ತದೆ.
ಆವಿಗೆಯ ಬದಿಗಿಡು, ನಾಳೆ ಕೇಳು."
ಅಂದಿನಿಂದ ಮಧ್ಯದಲ್ಲಿ ಒಂದು ಮೂರನೇ ರಾಶಿ.

ಅಲ್ಲಿಟ್ಟ ಒಂದು ಮಾತು ಬಹಳ ವರ್ಷ ಆರಲೇ ಇಲ್ಲ:
"ಶನಿವಾರ ಬಟವಾಡೆಯಾದ ಮೇಲೆ ಕುಟ್ಟಬೇಡ.
ಮಡಿಲು ತುಂಬಿದ ದಿನ
ಒಡಕೂ ಇಂಪಾಗಿಯೇ ಕೇಳ್ತದೆ."
ನಶ್ಯ ತಲೆಗೇರಿದೆ ಎಂದು ನಕ್ಕಿದ್ದೆ.

ಕಾರ್ಖಾನೆ ಮುಚ್ಚಿತು. ಬಾಯಿ ಹೋದಳು.
ಎಡಕ್ಕೆ ಬಿದ್ದ ಹಂಚುಗಳನ್ನೇ ಬುಟ್ಟಿಯಲ್ಲಿ ಹೊತ್ತು
ಆಕೆ ಹೊದಿಸಿದ ಕೋಳಿಗೂಡು ಇನ್ನೂ ನಿಂತಿದೆ,
ಅದನ್ನು ಯಾವ ರಾಶಿಗೆ ಹಾಕಲಿ, ತಿಳಿಯದು.

ಮೊನ್ನೆ ದಲಾಲಿ ಬಂದ. ನಮ್ಮ ಐದು ಸೆಂಟ್ಸ್ ಜಾಗಕ್ಕೆ
ಮುಂಗಡವೆಂದು ನೋಟಿನ ಕಟ್ಟು ನನ್ನ ಮಡಿಲಲ್ಲೇ ಇಟ್ಟ.
ಆಮೇಲೆ ಆತ ಏನು ಹೇಳಿದರೂ ಗಂಟೆ,
ಏನು ಹೇಳಿದರೂ ಹೊಳೆಯಾಚೆಯ ಇಗರ್ಜಿ.
ಗೆಣ್ಣು ತಾನಾಗಿ ಮಡಚಿಕೊಂಡಿತು.
ಗೋಡೆಯ ಕ್ಯಾಲೆಂಡರ್ ನೋಡಿದೆ: ಶನಿವಾರ.
ಕಟ್ಟನ್ನು ಆತನ ಕೈಗೆ ವಾಪಸಿಟ್ಟು, ಚಾ ಕೊಟ್ಟು,
ಸೋಮವಾರ ಬನ್ನಿ ಎಂದೆ.