ಗುರುವಾರ, ನಾಲ್ಕೂಕಾಲು

ಗುಂಡಿ, ಲೇಸು, ನೂಲಿನುಂಡೆ ಮಾರುವ ಅಂಗಡಿಯ ಮೇಲೆ
ಮೂರನೇ ಮಹಡಿ. ಲಿಫ್ಟಿಲ್ಲ.
ಹನ್ನೊಂದು ವಾರ ಕಾದು ಸಿಕ್ಕ ಸರದಿ.
ಸರ್ಮೀತೆ ಮುಂದೆ, ನಡುವೆ ರೂಡಿಸ್, ಹಿಂದೆ ನಾನು,
ರಿಪೇರಿಗೆ ಕೊಟ್ಟು, ರಸೀತಿ ಇಸಕೊಂಡು
ಸಂಜೆಪಾಳಿಗೆ ಓಡುವ ಅಂದಾಜಿನಲ್ಲಿ.

ಕಾಯಿಲೆ ಅವನದು ತಾನೇ?
ಒಂಬತ್ತರ ಹುಡುಗ, ಆಗಸ್ಟಿನಿಂದೀಚೆ
ಹಾಸಿಗೆ ಒದ್ದೆ ಮಾಡುತ್ತಾನೆ,
ತರಗತಿಯಲ್ಲಿ ಹೆಸರು ಕೂಗಿದರೆ ಬೆಂಚಿನಡಿ ಸೇರುತ್ತಾನೆ.
ನನಗೇನಾಗಿದೆ? ಹದಿನಾರು ವರ್ಷದಿಂದ
ದೌಗವಾ ಸೇತುವೆಯ ಮೇಲೆ ಟ್ರಾಮ್ ಓಡಿಸುತ್ತಿದ್ದೇನೆ,
ಒಂದು ನಾಯಿಗೂ ಗುದ್ದಿಲ್ಲ.

ಸೋವಿಯತ್ ಕಾಲದಲ್ಲಿ ಇಂಥ ಬಾಗಿಲು ತಟ್ಟಿದವರ ಹೆಸರು
ಕಂದು ರಟ್ಟಿನ ಪುಸ್ತಕಕ್ಕೆ ಬೀಳುತ್ತಿತ್ತಂತೆ;
ಆಮೇಲೆ ಯಾರೂ ಅವರ ಕೈಗೆ ವಾಹನ ಕೊಡುತ್ತಿರಲಿಲ್ಲವಂತೆ.
ಅಪ್ಪ ಹೇಳುತ್ತಿದ್ದ.
ಕುಡಿದಾಗ ಹೇಳುತ್ತಿದ್ದ. ಕುಡಿಯದಿದ್ದಾಗ
ಏನನ್ನೂ ಹೇಳುತ್ತಿರಲಿಲ್ಲ.

ಬ್ರಿಗಿತಾ ಅನ್ನುವಾಕೆ. ನೀಲಿ ಸ್ವೆಟರು, ಮೊಣಕೈಗೆ ತೇಪೆ.
ನಾಲ್ಕು ಕುರ್ಚಿ, ಒಂದಕ್ಕೂ ಕೈಯಿಲ್ಲ.
ನನ್ನ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಮೊದಲ ಗುರುವಾರ ಯಾರೂ ಮಾತಾಡಲಿಲ್ಲ.
ಎರಡನೆಯದರಲ್ಲಿ ಸರ್ಮೀತೆ ಅತ್ತಳು, ನಾನು ಗಡಿಯಾರ ನೋಡಿದೆ.
ಮೂರನೆಯದಕ್ಕೆ ಹೋಗಲಿಲ್ಲ.
ಪಾಳಿ ಬದಲಾಯಿತು ಅಂದೆ. ಬದಲಾಗಿರಲಿಲ್ಲ.
ಕೊನೆಯ ನಿಲ್ದಾಣದಲ್ಲಿ, ಖಾಲಿ ಬೋಗಿಯಲ್ಲಿ ಕೂತು
ಡಬ್ಬಿಯ ಬೂದುಬಟಾಣಿ ತಿಂದೆ. ತಣ್ಣಗಿತ್ತು.

ನಾಲ್ಕನೆಯದು. ನವೆಂಬರ್ ಕೊನೆ. ರೀಗಾದಲ್ಲಿ ಆಗಲೇ ಕತ್ತಲು.
"ರೂಡಿಸ್, ನಿಮ್ಮನೇಲಿ ಏನೇನು ಸದ್ದು? ಮಾಡಿ ತೋರಿಸ್ತೀಯಾ?"
ಹೆಸರು ಕೂಗಿದರೆ ಅಡಗುವ ಹುಡುಗ
ಬಾಯಿ ತೆರೆದ.
ಫ್ರಿಜ್ಜು. ಮೇಲಿನ ಮನೆಯ ಮುದುಕಿಯ ಕೋಲು.
ಅಮ್ಮ ಚಮಚ ಇಡುವುದು,
ಸದ್ದಾಗದ ಹಾಗೆ ಇಡುವಾಗ ಆಗುವ ಸದ್ದು.
ನಕ್ಕೆವು. ನಿಜಕ್ಕೂ, ಮೂವರೂ ನಕ್ಕೆವು.
ಆಮೇಲೆ ನಾಲಿಗೆಯನ್ನು ಅಂಗುಳಿಗೆ ಹಚ್ಚಿ,
ಟಕ್.
ಟಕ್.
"ಇದು ಅಪ್ಪನ ಕೀಲಿ. ಒಳ್ಳೇ ದಿನದ್ದು."
ಟಕ್‌ಟಕ್‌ಟಕ್.
"ಇದು ಇನ್ನೊಂದು. ಆಗ ದೀಪ ಆರಿಸಿ
ನಿದ್ದೆ ಬಂದವರ ಹಾಗೆ ಉಸಿರಾಡಬೇಕು. ಎಣಿಸಬೇಕು.
ನಲವತ್ತಕ್ಕೆ ಶೂ ಬಿಚ್ಚಿ ಮುಗಿಸಿರ್ತಾನೆ."

ಅವನ ಮೇಲೆ ಒಮ್ಮೆಯೂ ಕೈಯೆತ್ತಿದವನಲ್ಲ ನಾನು.
ಹಾಗೆನ್ನಲು ಹೊರಟೆ.
ತಟ್ಟೆಯ ಮೇಲೆ ಎತ್ತಿದ್ದೆ. ಅಡುಗೆಮನೆಯ ಬಾಗಿಲ ಮೇಲೆ,
ಅದರಲ್ಲಿನ್ನೂ ಮುಷ್ಟಿಯಷ್ಟು ತಗ್ಗಿದೆ,
ಮೇಲೊಂದು ಕ್ಯಾಲೆಂಡರು.
ಬ್ರಿಗಿತಾ ನನ್ನತ್ತ ನೋಡಲಿಲ್ಲ. ನೋಡಿದ್ದರೆ ಎದ್ದುಹೋಗುತ್ತಿದ್ದೆ.
ನೀರಿನ ಲೋಟವನ್ನು ಎರಡು ಬೆರಳಷ್ಟು ಇತ್ತ ಸರಿಸಿದಳು.

"ವಿಲ್ನಿಸ್, ನೀವು ಚಿಕ್ಕವರಿದ್ದಾಗ? ನಿಮ್ಮನೇಲಿ?"

ಕೆಮ್ಮು, ಅಂದೆ.
ಮೆಟ್ಟಿಲಲ್ಲಿ ಅಪ್ಪನ ಕೆಮ್ಮು. ಒಂದಾದರೆ ಊಟ.
ಎರಡಾದರೆ
ಅಲ್ಲಿಗೆ ಗಂಟಲು ಕಟ್ಟಿತು. ಎಣಿಸುತ್ತಿದ್ದೆ ಎಂಬುದೇ
ಈ ನಲವತ್ತೆರಡು ವರ್ಷ ನನಗೆ ಗೊತ್ತಿರಲಿಲ್ಲ.
"ಎರಡಾದರೆ?" ರೂಡಿಸ್ ಕುರ್ಚಿಯ ತುದಿಗೆ ಬಂದಿದ್ದ,
ಒಬ್ಬ ಕಸುಬುದಾರ ಇನ್ನೊಬ್ಬನನ್ನು ವಿಚಾರಿಸುವಂತೆ.
"ಎರಡಾದರೆ ಮಂಚದಡಿ. ಅಲ್ಲಿ ಆಲೂಗೆಡ್ಡೆ ಮೂಟೆ ಇತ್ತು."
ಅವನು ತಲೆಯಾಡಿಸಿದ.
ಒಳ್ಳೆಯ ಜಾಗ ಅನ್ನುವ ಹಾಗೆ.

ಮನೆಗೆ ಬರುವಾಗ ಮೂವರೂ ಸುಮ್ಮನಿದ್ದೆವು.
ಏನೂ ಸರಿಹೋಗಿರಲಿಲ್ಲ. ರಾತ್ರಿ ಮತ್ತೆ ಹಾಸಿಗೆ ಒದ್ದೆ;
ಚಾದರ ನಾನು ಬದಲಿಸಿದೆ, ತಲೆಕೆಳಗಾಗಿ ಹಾಸಿದೆನಂತೆ.

ಮಂಗಳವಾರ ಎಂಟಕ್ಕೆ ಪಾಳಿ ಮುಗಿಯಿತು.
ಇನ್‌ಸ್ಪೆಕ್ಟರನ ಜೊತೆ ಜಗಳ, ಕೈ ಇನ್ನೂ ನಡುಗುತ್ತಿತ್ತು.
ಐದನೇ ಮಹಡಿ, ನಮ್ಮ ಬಾಗಿಲು, ಜೇಬಿನಲ್ಲಿ ಕೀಲಿ.
ಮೆಲ್ಲಗೆ ತಿರುಗಿಸಿದರೆ ಸುಳ್ಳು. ಜೋರಾಗಿ ತಿರುಗಿಸಿದರೆ
ಒಳಗೊಂದು ದೀಪ ಆರುತ್ತದೆ.

ಕರೆಗಂಟೆ ಒತ್ತಿದೆ.
ನನ್ನ ಮನೆಯ ಗಂಟೆ ಹೊರಗೆ ನಿಂತು ಕೇಳಿದ್ದು ಅದೇ ಮೊದಲು.
ಹಕ್ಕಿಯ ಕೂಗು, ನೆಗಡಿಯಾದ ಹಕ್ಕಿ.
ಬರಿಗಾಲ ಹೆಜ್ಜೆ ಬಂತು, ನಿಂತಿತು.
"ಯಾರು?"
"ಅಪ್ಪ," ಅಂದೆ. "ಇವತ್ತು ದಿನ ಚೆನ್ನಾಗಿರಲಿಲ್ಲ."

ಆಚೆ ಅವನು ಯೋಚಿಸುತ್ತಿದ್ದ.
ಯೋಚಿಸಲಿ ಎಂದು
ನಾನು ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚತೊಡಗಿದೆ.