ಎರಡು ನಿಮಿಷದ ಲೆಕ್ಕ

ಬೆಳಗಿನ ನಾಲ್ಕೂವರೆಗೆ ಸಾಲಗಾಮೆ ರಸ್ತೆಯಲ್ಲಿ
ನನ್ನ ಹಳೇ ಮೊಪೆಡ್ಡಿನ ದೀಪ
ಅವಳ ಹಿಮ್ಮಡಿಗಳ ಮೇಲೆ.
ಮುಖಕ್ಕಿಂತ ನನಗೆ ಆ ಹಿಮ್ಮಡಿಗಳೇ ಹೆಚ್ಚು ಗೊತ್ತು.
ಎಡದ್ದು ಕೊಂಚ ಒಳಕ್ಕೆ.
ಬಲದ್ದು ನೆಲ ಮುಟ್ಟಿ, ಮಂಡಿ ನೆಟ್ಟಗಾಗಿ,
ಆಮೇಲೆಯೇ ಇನ್ನೊಂದು ಏಳಬೇಕು.
ಓಡುವಷ್ಟು ಬೇಗ ಹೋಗಬೇಕು, ಓಡಬಾರದು.
ಅಷ್ಟೇ ಈ ಆಟ.

ಡೈರಿ ಸರ್ಕಲ್ಲಿನಲ್ಲಿ ನನ್ನದು ಪಂಕ್ಚರ್ ಅಂಗಡಿ.
ಖಾದರಣ್ಣ, ಒಂದು ವಾರ ಹಿಂದೆ ಬರ್ತೀರಾ, ಕತ್ತಲಲ್ಲಿ ನಾಯಿ ಕಾಟ
ಎಂದಿದ್ದಳು ಸುಗುಣಾ, ಆಗ ಪಿಯುಸಿ.
ಒಂದು ವಾರಕ್ಕೆಂದು ಹೋದವನು
ಆರು ವರ್ಷ ಹೋದೆ.

ಆಲೂಗಡ್ಡೆ ಲಾರಿಯ ಕ್ಲೀನರ್ ಹುಡುಗರು
ಅವಳ ಸೊಂಟದ ಕುಲುಕು ನೋಡಿ ಬಾತುಕೋಳಿ ಎನ್ನುತ್ತಿದ್ದರು.
ತಿರುಗಿ ನೋಡಿದರೆ ಒಂದು ಸೆಕೆಂಡು ಹೋಗುತ್ತೆ, ಅಣ್ಣ.
ಟೀ ಅಂಗಡಿಯ ಜವರೇಗೌಡರಿಗೆ ಇವತ್ತಿಗೂ ಅರ್ಥವಾಗಿಲ್ಲ.
ನಡೆಯೋದಕ್ಕೂ ಪದಕವಾ?
ಹಂಗಾದರೆ ನಮ್ಮವ್ವನಿಗೆ ಒಂದು ಮೂಟೆ ಬರಬೇಕಿತ್ತಲ್ಲಯ್ಯ.

ಏಷ್ಯಾ ಚಾಂಪಿಯನ್‌ಶಿಪ್ ದಿನ
ಟ್ಯೂಬ್ ಮುಳುಗಿಸುವ ತೊಟ್ಟಿಯ ಅಂಚಿಗೆ ಫೋನ್ ಒರಗಿಸಿ
ಐದು ಜನ ನೋಡಿದೆವು.
ಯಾರೋ ಯಾವುದೋ ಭಾಷೆಯಲ್ಲಿ ಒಂದೇ ಸಮ ಹೇಳುತ್ತಿದ್ದ.
ಸಮುದ್ರದ ಪಕ್ಕದ ರಸ್ತೆ, ಹನ್ನೊಂದು ಹೆಣ್ಣುಮಕ್ಕಳು,
ಒಂದು ಕಿಲೋಮೀಟರಿನ ಸುತ್ತು, ಇಪ್ಪತ್ತು ಸಲ.
ಹನ್ನೆರಡನೇ ಸುತ್ತಿನಲ್ಲಿ ಅವಳು ನಾಲ್ಕನೆಯವಳು.
ಜವರೇಗೌಡರ ಹಾಲು ಉಕ್ಕಿ ಒಲೆಗೆ ಬಿತ್ತು,
ಯಾರೂ ಏಳಲಿಲ್ಲ.

ಆಮೇಲೆ ಆ ಹಲಗೆ.
ಅವಳ ನಂಬರಿನ ಎದುರು ಕೆಂಪಿನಲ್ಲಿ
ಹಾವು ಹರಿದಂಥ ಒಂದು ಗೆರೆ.
ಮುಂದಿನ ಸುತ್ತಿಗೆ ಎರಡು.
ಹದಿನಾರನೆಯದಕ್ಕೆ ಮೂರು.
ಏನದು, ಏನದು ಎಂದರು ಎಲ್ಲರೂ.
ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟಿವೆ ಅಂತ, ಎಂದೆ.
ಸುಳ್ಳು ಕಣಯ್ಯ, ಎಂದರು ಗೌಡರು, ನಡೆಯೋದಕ್ಕೆ ಪದಕ ಯಾಕೆ ಎಂದಿದ್ದವರು.

ನಾನು ಸುಳ್ಳು ಅನ್ನಲಿಲ್ಲ.
ನೀರಿನಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದರೂ
ತೂತು ಎಲ್ಲಿದೆ ಎಂದು ಹೇಳುವವನು ನಾನು.
ನೀಲಗಿರಿ ತೋಪು ದಾಟಿದ ಮೇಲಿನ ಇಳಿಜಾರಿನಲ್ಲಿ,
ದಣಿದಾಗ, ದೀಪದ ಬೆಳಕಿನಲ್ಲಿ
ಆ ಎರಡು ಹಿಮ್ಮಡಿಗಳ ಕೆಳಗೆ ಒಂದು ಕೂದಲೆಳೆ ಕತ್ತಲು ಹಾದುಹೋಗುವುದನ್ನು
ಎಷ್ಟೋ ಬೆಳಿಗ್ಗೆ ನೋಡಿದ್ದೆ.
ಹೇಳಿರಲಿಲ್ಲ.
ಚೆಂದ ಕಾಣುತ್ತಿತ್ತು.

ಮೂರು ಕೆಂಪಿಗೆ ಎರಡು ನಿಮಿಷ ನಿಲ್ಲಬೇಕು.
ರಸ್ತೆ ಪಕ್ಕ ಕಟ್ಟೆ ಹಾಕಿದಂತೆ ಒಂದು ಜಾಗ.
ಅಲ್ಲಿ ನಿಂತಳು, ಸೊಂಟಕ್ಕೆ ಕೈಯಿಟ್ಟು,
ಬಸ್ ಬಾರದ ಸ್ಟಾಪಿನಲ್ಲಿ ನಿಂತವರ ಹಾಗೆ.
ಪಕ್ಕದಲ್ಲೇ ಒಬ್ಬೊಬ್ಬರಾಗಿ ಹಾದುಹೋದರು.
ನಾನು ಅವಳ ಕಾಲನ್ನೇ ನೋಡುತ್ತಿದ್ದೆ.
ಎರಡೂ ನೆಲದ ಮೇಲಿದ್ದವು.

ಒಂಬತ್ತನೆಯವಳು.
ಒಂದು ಗಂಟೆ ಮೂವತ್ತೇಳು ನಿಮಿಷ ನಲವತ್ತು ಸೆಕೆಂಡು.
ಗ್ಯಾಸ್ ಚೀಟಿಯ ಹಿಂದೆ ಎರಡು ನಿಮಿಷ ಕಳೆದು ನೋಡಿದೆ.
ಐದನೆಯವಳು. ಆಗಲೂ ಪದಕವಿಲ್ಲ.
ಆದರೂ ಆ ಚೀಟಿ ಎಸೆಯಲಾಗದೆ ಗಲ್ಲಾದಲ್ಲೇ ಇಟ್ಟೆ.
ಮಾರನೇ ದಿನ ಪತ್ರಿಕೆಯಲ್ಲಿ ಮೂರು ಹೆಸರು,
ಮೂರೂ ನಾಲಿಗೆಗೆ ಹೊರಳದವು.

ಬಂದಳು. ಹತ್ತು ದಿನ ಮಲಗಿದ್ದಳು.
ಹನ್ನೊಂದನೇ ದಿನ ಶಟರ್ ತಟ್ಟಿದಳು, ಅದೇ ನಾಲ್ಕೂವರೆ.
ತೋಪಿನ ಹತ್ತಿರ ಬಂದಾಗ ಹೇಳಿಬಿಟ್ಟೆ.
ಯಾವಾಗಿಂದ ನೋಡ್ತಿದ್ರಿ?
ಎರಡು ವರ್ಷದಿಂದ.
ಒಂದು ಕಿಲೋಮೀಟರ್ ಮಾತಿಲ್ಲ.
ಶೂ ಸದ್ದು, ಇಂಜಿನ್ ಸದ್ದು.
ಆಮೇಲೆ, ತಿರುಗದೆಯೇ,
ಇನ್ಮೇಲೆ ಹಾರ್ನ್ ಹೊಡೀರಿ, ಎಂದಳು.

ಹೊಡೆಯುತ್ತೇನೆ.
ಇಳಿಜಾರಿನಲ್ಲಿ ಒಮ್ಮೊಮ್ಮೆ ನಾಲ್ಕು ಸಲ, ಒಮ್ಮೊಮ್ಮೆ ಒಂದೇ.
ನಾಯಿಗಳು ಬೊಗಳುತ್ತವೆ.
ರಸ್ತೆ ಬದಿಯ ಮನೆಯೊಂದರಲ್ಲಿ ಲೈಟು ಹತ್ತುತ್ತದೆ,
ಯಾರೋ ಬೈಯುತ್ತಾರೆ.
ಹಿಮ್ಮಡಿ ಕೆಳಗಿಳಿಯುತ್ತದೆ.