ಸಡಿಲ ಇರಲಿ ಮೊದಲು

ಸುಂಟಿಕೊಪ್ಪದ ಮರದ ಮಿಲ್ಲಿನ ಹಿಂದೆ ತಗಡಿನ ಶೆಡ್ಡು.
ನಾಲ್ಕು ಹಲಸಿನ ದಿಮ್ಮಿಗಳ ಮೇಲೆ
ಕಾಳಯ್ಯ ಮಾವನ ಎಂಬತ್ತೆಂಟರ ಕಾಂಟೆಸ್ಸಾ,
ಉದ್ದ ಮೂತಿ, ಕಣ್ಣು ಕಿತ್ತ ದೀಪದ ಗುಳಿಗಳು.
ಕೆಳಗೆ, ಕಾಫಿ ಗೋಣಿ ಹಾಸಿಕೊಂಡು ನಾನು.
ಪಕ್ಕದ ಸ್ಟೂಲಿನ ಮೇಲೆ ಮೊಯ್ದುಕ್ಕ,
ಸೊಂಟಕ್ಕೆ ಬೆಲ್ಟು, ಕಿವಿಯ ಸಂದಿಗೆ ಬೀಡಿ.
ಬಗ್ಗಲಾರರು. ಆದರೂ
ಸ್ಪ್ಯಾನರು ನಟ್ಟಿನ ಮೇಲೆ ಜಾರಿದ್ದು
ನನಗಿಂತ ಮೊದಲು ಅವರಿಗೆ ಗೊತ್ತು:
"ಹದಿನಾಲ್ಕಲ್ಲ, ಹದಿಮೂರು ಹಾಕು."

ಮ್ಯಾನಿಫೋಲ್ಡಿನ ಸ್ಟಡ್ಡುಗಳಲ್ಲಿ ಒಂದು
ಮೂರು ದಿನ ಅಲ್ಲಾಡಲಿಲ್ಲ.
ಡೀಸೆಲು ಕುಡಿಸಿದೆ, ಬೆಂಕಿ ತೋರಿಸಿದೆ,
ಕಾದ ಬುಡಕ್ಕೆ ಮೇಣದ ಬತ್ತಿ ಕರಗಿಸಿದೆ,
ಬೈದೆ, ನಮ್ಮ ಮಾತಿನಲ್ಲೂ ಅವರ ಮಾತಿನಲ್ಲೂ.
ನಾಲ್ಕನೆಯ ಬೆಳಿಗ್ಗೆ ಚಳಿಗೆ ಮರಗಟ್ಟಿದ ಕೈ
ಸುಮ್ಮನೆ ಇಟ್ಟಿದ್ದೇ ತಡ, ತಿರುಗಿತು,
ಏನೂ ಆಗಿಯೇ ಇರಲಿಲ್ಲ ಎಂಬಂತೆ.

ಪೈಪು ಬಗ್ಗಿಸಲು ಮೈಸೂರಿಗೇ ಹೋಗಬೇಕು.
ಕಾರಿನ ಹೊಟ್ಟೆಯ ಅಂಕುಡೊಂಕನ್ನೆಲ್ಲ
ದಪ್ಪ ತಂತಿಯಲ್ಲಿ ತಿದ್ದಿಕೊಂಡು ಬಸ್ಸು ಹತ್ತಿದೆ.
ಕಂಡಕ್ಟರು ಕೇಳಿದ, "ಏನಮ್ಮಾ, ಆಂಟೆನಾನಾ?"
"ಹೊಗೆ ಹೋಗುವ ದಾರಿ," ಅಂದೆ.
ಅದಕ್ಕೂ ಲಗೇಜು ಚೀಟಿ ಹರಿದ.

ಹೊಸ ಪೈಪು ಬಂದ ಸಂಭ್ರಮಕ್ಕೆ
ಮೊದಲ ಫ್ಲ್ಯಾಂಜನ್ನೇ ಬಿಗಿಯಹೊರಟರೆ
ಮೊಯ್ದುಕ್ಕ ಸ್ಟೂಲು ಕುಟ್ಟಿದರು:
"ಮೋಳೇ, ಸಡಿಲ ಇರಲಿ ಮೊದಲು.
ಮುಂದಿನ ಪೈಪು, ನಡುವಿನ ಡಬ್ಬಿ, ಹಿಂದಿನ ಬಾಲ
ಎಲ್ಲ ರಬ್ಬರಿನಲ್ಲಿ ತೂಗಲಿ.
ಎಲ್ಲಿ ಕೂರಬೇಕೋ ಅದೇ ಕೂರುತ್ತೆ.
ಆಮೇಲೆ ಎಂಜಿನ್ ಕಡೆಯಿಂದ ಒಂದೊಂದೇ.
ಮೊದಲೇ ಬಿಗಿದದ್ದು
ಒಂದು ದಿನ ಆಕ್ಸಲಿಗೆ ಬಡಿಯುತ್ತೆ."

ಬಡಿದಿತ್ತು. ಮಾವ ಮೊದಲೇ ಬಿಗಿಯುವವರ ಪೈಕಿ.
ತಮ್ಮ ಪಾಲು ಕೇಳಿದ್ದಕ್ಕೆ
ಕಾಫಿ ಗೋಡೌನಿನ ನಡುವೆ ತಗಡು ನಿಲ್ಲಿಸಿ
ಆಚೆ ಅವನ ರಾಶಿ, ಈಚೆ ತನ್ನದು.
ಕಾರು ಯಾರದೆಂದು ಮಾತ್ರ ತೀರದೆ
ತಗಡಿನ ತುದಿಗೆ ಇಬ್ಬರಿಗೂ ಅಡ್ಡವಾಗಿ
ಇಪ್ಪತ್ತೆರಡು ವರ್ಷ ನಿಂತಿತ್ತು.

ಶಾಫ್ಟಿಗೂ ಪೈಪಿಗೂ ನಡುವೆ ಎರಡು ಬೆರಳು ಬಿಡು, ಅಂದರು.
"ಯಾರ ಬೆರಳು?"
ತಮ್ಮ ಕೈ ನೋಡಿಕೊಂಡರು, ನಕ್ಕರು.
ಬೀಡಿ ಕಟ್ಟಿನಲ್ಲಿ ಅವರ ಎರಡು ಬೆರಳು ಅಳೆದು
ಅಷ್ಟು ಬಿಟ್ಟೆ.

ನಡುವಿನ ಡಬ್ಬಿ ಹಳೆಯದೇ.
ತೊಂಬತ್ತನಾಲ್ಕರಲ್ಲಿ ಮೊಯ್ದುಕ್ಕನೇ ಬೆಸೆದದ್ದು,
ಬದಲಿಸು ಎನ್ನಲು ನನಗೆ ನಾಲಿಗೆ ಬರಲಿಲ್ಲ.
ಎತ್ತುವಾಗ ಒಳಗೆ ಏನೋ ಗಲಗಲ.
"ತುಕ್ಕು," ಅಂದರು.

ಕೀ ತಿರುಗಿಸಿದೆ.
ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ
ದಪ್ಪ ದನಿ ಹಿಡಿಯಿತು.
ಮಿಲ್ಲಿನವರು ಗರಗಸ ನಿಲ್ಲಿಸಿ ಬಂದು ನಿಂತರು.
ಮೊಯ್ದುಕ್ಕ ಕಣ್ಣು ಮುಚ್ಚಿ ಲೀಕಿಗಾಗಿ ಕಿವಿಗೊಟ್ಟರು,
ಟುಸ್ ಎಂಬುದಿಲ್ಲ, ಎಲ್ಲೂ ಇಲ್ಲ.

ಆಮೇಲೆ ವಾಸನೆ.
ಪೆಟ್ರೋಲಲ್ಲ, ಬಣ್ಣ ಸುಟ್ಟದ್ದಲ್ಲ.
ಮಿಲ್ಲಿನ ಹುಡುಗ ಮೂಗೆತ್ತಿದ: "ಯಾರೋ ಕಾಫಿ ಹುರೀತಿದಾರೆ!"
ಆಕ್ಸಿಲರೇಟರು ಒತ್ತಿದೆ.
ಟಪ್. ಟಪ್ ಟಪ್.
ಬಾಲದ ಕೊಳವೆಯಿಂದ ಕರೀ ಬೀಜಗಳು
ಶೆಡ್ಡಿನ ತಗಡಿಗೆ ಸಿಡಿದವು.

ಸುಂಡಿಲಿ!
ತಗಡಿನ ಆಚೆಯಿಂದ ಒಂದು, ಈಚೆಯಿಂದ ಒಂದು,
ಯಾರ ರಾಶಿಯೆಂದು ಕೇಳದೆ
ವರ್ಷಗಟ್ಟಲೆ ಹೊತ್ತು ತಂದು
ಮಾವನ ಸೈಲೆನ್ಸರಿನಲ್ಲಿ ಕೂಡಿಟ್ಟಿತ್ತು.

ಮೊಯ್ದುಕ್ಕ, ಬಗ್ಗಲಾರದವರು, ಬಗ್ಗಿದರು.
ಒಂದು ಬೀಜ ಎತ್ತಿ, ಊದಿ, ಮೂಸಿದರು.
"ರೊಬಸ್ಟಾ," ಅಂದರು. "ಸ್ವಲ್ಪ ಕಪ್ಪಾಯ್ತು."
ಸೊಂಟ ಹಿಡಿದುಕೊಂಡು ಮತ್ತೆ ಸ್ಟೂಲಿಗೆ.

"ಆಫ್ ಮಾಡು. ಆರಲಿ.
ಬಿಸಿ ಕಂಡ ಮೇಲೆ ಇನ್ನೊಂದು ಸುತ್ತು ಬಿಗೀಬೇಕು."
ಗೋಣಿ ಕೊಡವಿ ಹಾಸಿದೆ.